ಬೆಟ್ಟದ ಫೋಟೋದಲ್ಲಿ ಒಬ್ಬರಾದರೂ ಇರಲಿ

ಯಾಣದ ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ. ಬುಡದಲ್ಲಿ ನಿಂತು ತಲೆ ಎತ್ತಿದರೆ ಕತ್ತು ನೋಯುತ್ತದೆ. ಆದರೆ ಬರೀ ಬಂಡೆಯ ಫೋಟೋ ತೆಗೆದು ಮನೆಯಲ್ಲಿ ತೋರಿಸಿ ನೋಡಿ, ಯಾವುದೋ ಹೊಲದ ಬದಿಯ ಕರಿಕಲ್ಲು ಅಂದುಕೊಳ್ಳುತ್ತಾರೆ. ಅದೇ ಬಂಡೆಯ ಸೀಳಿನ ಹತ್ತಿರ ಒಬ್ಬರು ನಡೆದು ಹೋಗುತ್ತಿದ್ದರೆ ಸಾಕು, ನೋಡಿದವರು "ಅಬ್ಬಾ, ಇಷ್ಟು ದೊಡ್ಡದಾ?" ಅನ್ನುತ್ತಾರೆ.

ಇಂಥ ಫೋಟೋಗೆ ಎಲ್ಲರೂ ಮೊದಲು ಮಾಡುವುದು ಫೋನಿನ ಕ್ಯಾಮೆರಾವನ್ನು 0.5ಕ್ಕೆ, ಅಂದರೆ ಹೆಚ್ಚು ಅಗಲ ಹಿಡಿಯುವ ವೈಡ್ ಲೆನ್ಸಿಗೆ ಹಾಕುವುದು. ದಯವಿಟ್ಟು ಬೇಡ. ವೈಡ್ ಲೆನ್ಸಿನಲ್ಲಿ ಹತ್ತಿರ ನಿಂತ ಗೆಳೆಯ ದೊಡ್ಡದಾಗಿ, ಹಿಂದಿನ ಬೆಟ್ಟ ಇರುವೆ ಗೂಡಿನಷ್ಟು ಕಾಣುತ್ತದೆ. ಗೆಳೆಯ 3 ಮೀಟರ್ ದೂರದಲ್ಲಿ, ಬೆಟ್ಟ 1 ಕಿಲೋಮೀಟರ್ ದೂರದಲ್ಲಿ ಇದೆ ಅಂದುಕೊಳ್ಳಿ. ನೀವು ಇನ್ನೂ 60 ಮೀಟರ್ ಹಿಂದಕ್ಕೆ ಬಂದರೆ ಗೆಳೆಯ 21 ಪಟ್ಟು ಚಿಕ್ಕವನಾಗುತ್ತಾನೆ, ಬೆಟ್ಟ ಮಾತ್ರ ಹೆಚ್ಚುಕಡಿಮೆ ಹಾಗೇ ಇರುತ್ತದೆ. ಈಗ ಜೂಮ್ ಮಾಡಿ. ಬೆಟ್ಟ ಅವನ ಬೆನ್ನ ಹಿಂದೆ ಎದ್ದು ನಿಲ್ಲುತ್ತದೆ. ಕೆಲಸ ಮಾಡಿದ್ದು ಲೆನ್ಸ್ ಅಲ್ಲ, ನೀವು ಹಿಂದೆ ನಡೆದ ದೂರ.

ನನಗೆ ಇದಕ್ಕೆ ಎಲ್ಲಕ್ಕಿಂತ ಇಷ್ಟದ ಜಾಗ ಮುಳ್ಳಯ್ಯನಗಿರಿ, ಅದೂ ಮಳೆಗಾಲದಲ್ಲಿ. 1,930 ಮೀಟರ್ ಎತ್ತರದ ಆ ತುದಿಗೆ ಮೆಟ್ಟಿಲು ಹತ್ತಿ ಹೋಗುವವರು ಕೆಳಗಿನಿಂದ ಚುಕ್ಕಿಗಳ ಹಾಗೆ ಕಾಣುತ್ತಾರೆ. ಒಮ್ಮೆ ಒಬ್ಬ ಅಜ್ಜಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಒಂದು ಕೈಯಲ್ಲಿ ಚಪ್ಪಲಿ, ಇನ್ನೊಂದರಲ್ಲಿ ಕೆಂಪು ಕೊಡೆ ಹಿಡಿದು ಹತ್ತುತ್ತಿದ್ದರು. ಫೋಟೋದಲ್ಲಿ ಅವರು ಅಕ್ಕಿ ಕಾಳಿನಷ್ಟು. ಆದರೂ ಆ ಹಸಿರಿನಲ್ಲಿ ಕಣ್ಣು ನೇರವಾಗಿ ಆ ಕೊಡೆಗೇ ಹೋಗುತ್ತದೆ.

ಇಷ್ಟು ಚಿಕ್ಕದಾಗಿ ಕಾಣುವಾಗ ಮುಖ ಕಾಣುವುದಿಲ್ಲ, ಆಕಾರವೇ ಎಲ್ಲ ಹೇಳಬೇಕು. ಅದಕ್ಕೇ ಎರಡು ಕಾಲೂ ಬೇರೆ ಬೇರೆ ಕಾಣುವ ಹೆಜ್ಜೆಗೆ ಕಾಯಿರಿ. ಕಾಲು ಕೂಡಿಕೊಂಡಿದ್ದರೆ ಗೂಟ ನೆಟ್ಟ ಹಾಗಿರುತ್ತದೆ. ಮರಗಳ ಕಪ್ಪಿನ ಮುಂದೆ ಬಂದರೆ ಮನುಷ್ಯ ಕಳೆದೇ ಹೋಗುತ್ತಾನೆ. ಆಕಾಶ, ಮಂಜು, ಹುಲ್ಲು, ಯಾವುದಾದರೂ ತಿಳಿ ಬಣ್ಣ ಹಿಂದಿರಲಿ. ಮಂಜಿದ್ದಾಗ ಕ್ಯಾಮೆರಾ ಫೋಟೋವನ್ನು ಮಂಕಾಗಿಸುತ್ತದೆ, ಎಕ್ಸ್‌ಪೋಶರ್ (ಫೋಟೋದ ಬೆಳಕು) +1ರವರೆಗೆ ಏರಿಸಿ.

ಕೈ ಅಗಲಿಸಿ ನಿಲ್ಲುವ ಪೋಸು ನನಗೆ ಹಿಡಿಸುವುದಿಲ್ಲ. ತಮ್ಮ ಪಾಡಿಗೆ ನಡೆಯುವವರೇ ಚೆಂದ. ಇನ್ನು ಜೋಗದಂಥ ಕಡೆ ಫೋಟೋಗೆ ಅಂತ ಯಾರನ್ನೂ ಅಂಚಿಗೆ ಕಳಿಸಬೇಡಿ. 253 ಮೀಟರ್ ಆಳ, ಪಾಚಿ ಹಿಡಿದ ಬಂಡೆ. ದೂರದಿಂದ ಜೂಮ್ ಮಾಡಿದರೆ ತಡೆಬೇಲಿಯ ಹಿಂದೆ ನಿಂತವರೂ ಅಷ್ಟೇ ಚಿಕ್ಕದಾಗಿ ಕಾಣುತ್ತಾರಲ್ವಾ?

ಒಂದು ಮಾತು, ಇಂಥ ಫೋಟೋ ಫೋನಿನ ಪರದೆಗೆ ಸಾಲುವುದಿಲ್ಲ, ಮನುಷ್ಯ ಮಾಯವಾಗಿಬಿಡುತ್ತಾನೆ. ಸ್ಟೂಡಿಯೋಗೆ ಕೊಟ್ಟು 12x18 ಇಂಚಿನ ಪ್ರಿಂಟ್ ಹಾಕಿಸಿ.