ಪ್ರೊ ಬಾಕ್ಸರ್ ಆಗಬೇಕಾ? ಮೊದಲು ಟಿಕೆಟ್ ಮಾರು

ನಮ್ಮ ಕಡೆ ದುಡ್ಡಿಗೆ ಆಡುವ ಪ್ರೊ ಬಾಕ್ಸಿಂಗ್ ಅಂದರೆ ವಿಜೇಂದರ್ ಸಿಂಗ್ ನೆನಪಾಗುತ್ತಾರೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಕಂಚು ಗೆದ್ದು, 2015ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಪ್ರೊ ಆದವರು. ಆದರೆ ಲಂಡನ್ನಿನಲ್ಲಿ ನಾನು ಸಂಜೆ ಬೆವರಿಳಿಸಲು ಹೋಗುವ ಜಿಮ್‌ನಲ್ಲಿ ಕಥೆಯೇ ಬೇರೆ. ಹಗಲೆಲ್ಲ ನಲ್ಲಿ ರಿಪೇರಿ ಮಾಡುವ ಹುಡುಗನೊಬ್ಬ ಬೆರಳೆಣಿಕೆಯಷ್ಟು ಅಮೆಚೂರ್, ಅಂದರೆ ಹವ್ಯಾಸಿ, ಪಂದ್ಯ ಆಡಿ ಪ್ರೊ ಆಗಿಬಿಟ್ಟ.

ಪ್ರೊ ಆಗಲು ಬೇಕಾದ ಲೈಸೆನ್ಸ್ ಸುಮ್ನೆ ಸಿಗುವುದಿಲ್ಲ. ಕೊಡುವುದು ಬ್ರಿಟಿಷ್ ಬಾಕ್ಸಿಂಗ್ ಬೋರ್ಡ್ ಆಫ್ ಕಂಟ್ರೋಲ್. ಮಿದುಳಿನ ಎಂಆರ್‌ಐ, ಕಣ್ಣಿನ ತಪಾಸಣೆ, ಎಚ್‌ಐವಿ ಮತ್ತು ಹೆಪಟೈಟಿಸ್‌ಗೆ ರಕ್ತಪರೀಕ್ಷೆ, ಮೇಲೊಂದು ಸಂದರ್ಶನ. ಅದನ್ನೆಲ್ಲ ದಾಟಿದ. ಆಮೇಲೆ ಶುರುವಾಯಿತು ನಿಜವಾದ ಕಷ್ಟ.

ಸಣ್ಣ ಹಾಲ್‌ಗಳ ಪಂದ್ಯಕ್ಕೆ ಟಿವಿಯ ದುಡ್ಡು ಬರುವುದೇ ಅಪರೂಪ. ಹೊಸ ಹುಡುಗನೇ ಟಿಕೆಟ್ ಮಾರಬೇಕು. ಆ ದುಡ್ಡಿನಲ್ಲೇ ಎದುರಾಳಿಯ ಸಂಭಾವನೆ, ಉಳಿದ ಖರ್ಚು. ಮಿಕ್ಕಿದರೆ ಇವನಿಗೆ. ಅಂದರೆ ಮುಷ್ಟಿಗಿಂತ ಫೋನ್‌ಗೆ ಕೆಲಸ ಜಾಸ್ತಿ. ನೆಂಟರು, ಶಾಲೆಯ ಗೆಳೆಯರು ಇಲ್ಲೇ ಇರುವವನಿಗೆ ಹೇಗೋ ನಡೆಯುತ್ತದೆ. ಬೇರೆ ದೇಶದಿಂದ ಬಂದ ಪ್ರತಿಭಾವಂತ ಯಾರಿಗೆ ಮಾರಬೇಕು? ಇದು ಅನ್ಯಾಯ ಅಂತಲೇ ನನಗನ್ನಿಸುತ್ತದೆ. ನಾನೂ ಕನ್ನಡದ ಗೆಳೆಯರಿಗೆ ಒಂದಷ್ಟು ದಾಟಿಸಲು ನೋಡಿದೆ. ಪಕ್ಕದ ಬೀದಿಯ ಆಂಟಿ ಕೇಳಿದರು: "ಹೊಡೆದಾಡೋದು ನೋಡೋಕೆ ದುಡ್ಡು ಬೇರೆ ಕೊಡಬೇಕಾ?"

ಪಂದ್ಯ ನಡೆದದ್ದು ಲಂಡನ್ನಿನ ಬೆತ್ನಲ್ ಗ್ರೀನ್‌ನ ಯಾರ್ಕ್ ಹಾಲ್‌ನಲ್ಲಿ. 1929ರ ಕಟ್ಟಡ, ಒಳಗೆ ಈಜುಕೊಳವೂ ಇದೆ. ಎದುರಿಗಿದ್ದವನು ಇಲ್ಲಿಯವರು ಜರ್ನಿಮನ್ ಅನ್ನುವ ಬಗೆಯವನು. ಟಿಕೆಟ್ ಮಾರುವುದಿಲ್ಲ, ಕರೆದ ಊರಿಗೆ ಬರುತ್ತಾನೆ, ಸಾಮಾನ್ಯವಾಗಿ ಸೋತು ಹೋಗುತ್ತಾನೆ. ನಗಬೇಡಿ. ಕ್ರಿಸ್ಟಿಯನ್ ಲೈಟ್ ಅನ್ನುವವರು 2018ರಲ್ಲಿ ನಿವೃತ್ತರಾದಾಗ ಆಡಿದ್ದು 300 ಪಂದ್ಯ, ಗೆದ್ದದ್ದು 12. ಹಾಗೆ ಆಡುತ್ತಲೇ ಇರಬೇಕೆಂದರೆ ಪೆಟ್ಟು ತಪ್ಪಿಸಿಕೊಳ್ಳುವ ವಿದ್ಯೆ ಚೆನ್ನಾಗಿ ಗೊತ್ತಿರಬೇಕು. ನಾಕೌಟ್ ಆದರೆ ಬೋರ್ಡ್ ಕೆಲವು ವಾರ ರಿಂಗ್ ಹತ್ತಲು ಬಿಡುವುದಿಲ್ಲ, ಅಷ್ಟೂ ದಿನದ ದುಡಿಮೆ ಹೋದ ಹಾಗೆ.

ನಮ್ಮ ಹುಡುಗ ಮೊದಲ ರೌಂಡ್‌ನಲ್ಲೇ ಕೈಯಲ್ಲಿದ್ದ ಬಲವನ್ನೆಲ್ಲ ಸುರಿದ. ಎದುರಾಳಿ ಅಪ್ಪಿ ಹಿಡಿದ, ಮೈಮೇಲೆ ವಾಲಿದ, ಹೊಡೆಯಲು ಜಾಗವೇ ಕೊಡಲಿಲ್ಲ. ಮೂರನೇ ರೌಂಡ್‌ಗೆ ನಮ್ಮವನ ಕಾಲು ಸೀಸದಂತೆ ಭಾರವಾಗಿತ್ತು. ಅಮೆಚೂರ್‌ನಲ್ಲಿ ಹತ್ತಾರು ಪಂದ್ಯ ಆಡಿದವನು ಇದನ್ನೆಲ್ಲ ಆಗಲೇ ಕಲಿತಿರುತ್ತಾನೆ. ಇವನು ಕಲಿತದ್ದು ದುಡ್ಡು ಕೊಟ್ಟು ಬಂದವರ ಎದುರು. ಆದರೂ ನಾಲ್ಕು ರೌಂಡ್ ಮುಗಿದಾಗ ರೆಫರಿ ಎತ್ತಿದ್ದು ಇವನ ಕೈಯನ್ನೇ. ಇಂಥ ಪಂದ್ಯಗಳಲ್ಲಿ ಅಂಕ ಕೊಡುವವರೂ ರೆಫರಿ ಒಬ್ಬರೇ.

ಈಗ ಆರು ರೌಂಡ್ ಪಂದ್ಯ ಬೇಕು ಅಂತ ಹಟ ಹಿಡಿದಿದ್ದಾನೆ. ಕೋಚ್ ಒಪ್ಪುತ್ತಿಲ್ಲ. ಇನ್ನೂ ಒಂದಷ್ಟು ಜರ್ನಿಮನ್‌ಗಳ ಜೊತೆ ನಾಲ್ಕೇ ರೌಂಡ್ ಆಡಲಿ ಅನ್ನುತ್ತಾರೆ. ನನಗೂ ಅದೇ ಸರಿ ಅನ್ನಿಸುತ್ತದೆ. ಟಿಕೆಟ್ ಮಾತ್ರ ಮತ್ತೆ ಮಾರಬೇಕು, ಅದಕ್ಕೆ ಆಂಟಿಯ ಮನೆಗೆ ಈ ಸಲ ಅವನೇ ಹೋಗಲಿ.