ತಲೆಬುರುಡೆಯ ಶಸ್ತ್ರಚಿಕಿತ್ಸೆ: ರಕ್ತದ ಲೆಕ್ಕ, ಮೂಗಿನ ಹಾದಿ

ಮಕ್ಕಳ ತಲೆಬುರುಡೆ ಮತ್ತು ಮುಖದ ಮೂಳೆಗಳ ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಡುವುದು ನನ್ನ ವೃತ್ತಿ. ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುನ್ನ ತಂದೆತಾಯಿಯರು ಬಹುಪಾಲು ಕೇಳುವುದು ಒಂದೇ ಪ್ರಶ್ನೆ: ಮಿದುಳಿಗೆ ಏನೂ ಆಗುವುದಿಲ್ಲ ತಾನೆ? ಶಸ್ತ್ರವೈದ್ಯರ ಕೈ ಜಾರೀತೆಂಬ ಆ ಭಯ ಸಹಜವಾದದ್ದು. ಆದರೆ ನನ್ನ ನಿದ್ದೆ ಕೆಡಿಸುವ ಸಂಗತಿಗಳು ಬೇರೆಯವು.

ಕೂಸಿನ ತಲೆಬುರುಡೆ ಒಂದೇ ಮೂಳೆಯಲ್ಲ. ಹಲವು ಫಲಕಗಳ ನಡುವೆ ಮೆತ್ತನೆಯ ಜೋಡಣೆಗಳಿದ್ದು, ಬೆಳೆಯುವ ಮಿದುಳಿಗೆ ಅವು ಜಾಗ ಬಿಟ್ಟುಕೊಡುತ್ತವೆ. ಅವುಗಳಲ್ಲಿ ಒಂದು ಅವಧಿಗೆ ಮುನ್ನವೇ ಬೆಸೆದುಕೊಂಡರೆ ತಲೆ ಉದ್ದವಾಗಿಯೋ ಓರೆಯಾಗಿಯೋ ಬೆಳೆಯುತ್ತದೆ. ನಮ್ಮಲ್ಲಿ ಅಜ್ಜಿಯರು ಎಣ್ಣೆ ನೀರು ಹಾಕುವಾಗ ಕೂಸಿನ ತಲೆಯನ್ನು ನೀವಿ ದುಂಡಗೆ ಮಾಡುವ ರೂಢಿಯಿದೆ. ಮಲಗಿಸಿದ ಭಂಗಿಯಿಂದ ಚಪ್ಪಟೆಯಾದ ತಲೆ ಎಷ್ಟೋ ಸಲ ತಾನೇ ಸರಿಹೋಗುವುದರಿಂದ ಆ ಕೀರ್ತಿ ಅಜ್ಜಿಗೆ ಸಲ್ಲುತ್ತದೆ. ಬೆಸೆದುಕೊಂಡ ಮೂಳೆ ಮಾತ್ರ ಯಾವ ಕೈಗೂ ಬಗ್ಗುವುದಿಲ್ಲ. ಹಾಗೆ ಕಾಯುತ್ತ ತಡವಾಗಿ ಬಂದ ಮಕ್ಕಳನ್ನು ನಾನು ಕಂಡಿದ್ದೇನೆ.

ಹಣೆಯ ಮೂಳೆಯನ್ನು ಬಿಚ್ಚಿ, ತಿದ್ದಿ, ಮತ್ತೆ ಕೂರಿಸುವ ಶಸ್ತ್ರಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷದ ನಡುವೆ ನಡೆಯುತ್ತದೆ. ಎಂಟು ಕಿಲೋ ತೂಗುವ ಕೂಸಿನ ಮೈಯಲ್ಲಿರುವ ರಕ್ತ, ಕಿಲೋಗೆ 80 ಮಿಲಿಲೀಟರಿನಂತೆ, ಸುಮಾರು 640 ಮಿಲಿಲೀಟರ್. ಬೆಳಗ್ಗೆ ಮನೆ ಬಾಗಿಲಿಗೆ ಬರುವ ಅರ್ಧ ಲೀಟರ್ ಹಾಲಿನ ಪ್ಯಾಕೆಟ್ಟಿಗಿಂತ ತುಸು ಹೆಚ್ಚು. ದೊಡ್ಡವರಲ್ಲಿ ಯಾರೂ ಲೆಕ್ಕಕ್ಕಿಡದ 200 ಮಿಲಿಲೀಟರ್ ರಕ್ತಸ್ರಾವವು ಇಲ್ಲಿ ಮೈಯ ರಕ್ತದ ಮೂರನೆಯ ಒಂದು ಭಾಗದಷ್ಟಾಗುತ್ತದೆ. ಅದು ಕಣ್ಣಿಗೆ ಕಾಣುವಂತೆ ಚಿಮ್ಮುವುದೂ ಇಲ್ಲ. ನೆತ್ತಿಯ ಚರ್ಮದಿಂದ, ಕತ್ತರಿಸಿದ ಮೂಳೆಯ ಅಂಚಿನಿಂದ ಸದಾ ಜಿನುಗುತ್ತ, ಹೊದಿಸಿದ ಬಟ್ಟೆಯಡಿಗೆ ಇಳಿದು, ತೊಳೆಯುವ ಸಲೈನಿನೊಂದಿಗೆ ಬೆರೆತುಹೋಗುತ್ತದೆ. ಆದ್ದರಿಂದಲೇ ನಮ್ಮ ಸಿಸ್ಟರ್ ಒದ್ದೆಯಾದ ಪ್ರತಿಯೊಂದು ಗಾಜ್ ಬಟ್ಟೆಯ ತುಂಡನ್ನೂ ತಕ್ಕಡಿಯಲ್ಲಿಟ್ಟು ತೂಗಿ, ಒಣ ತೂಕವನ್ನು ಕಳೆದು, ಗೋಡೆಯ ಹಲಗೆಯ ಮೇಲೆ ಬರೆಯುತ್ತಾರೆ. ಮೊದಲ ಗಾಯ ಮಾಡುವ ಮುನ್ನವೇ ಹೊಂದಾಣಿಕೆಯಾದ ರಕ್ತ ಕೋಣೆಯೊಳಗಿರಬೇಕು. ಬ್ಲಡ್ ಬ್ಯಾಂಕಿನಿಂದ ಬರುತ್ತಿದೆ ಎಂಬ ಮಾತು ಇಲ್ಲಿ ನಡೆಯುವುದಿಲ್ಲ. ಆ ರಕ್ತವನ್ನು ಬಿಸಿ ಮಾಡದೆ, ವೇಗವಾಗಿ ಕೊಟ್ಟರೆ ಕೂಸಿನ ಮೈ ತಣ್ಣಗಾಗುತ್ತದೆ. ಹಳೆಯ ರಕ್ತವಾದರೆ ಅದರಲ್ಲಿ ಸೇರಿಕೊಂಡ ಪೊಟ್ಯಾಸಿಯಂ ಹೃದಯವನ್ನೇ ನಿಲ್ಲಿಸಬಹುದು.

ಈ ಲೆಕ್ಕವನ್ನು ಹಗುರಗೊಳಿಸಿದ ಔಷಧಿಗಳಲ್ಲಿ ಟ್ರಾನೆಕ್ಸಾಮಿಕ್ ಆ್ಯಸಿಡ್ ಮುಖ್ಯವಾದದ್ದು. ಜಪಾನಿನ ಉತಾಕೊ ಒಕಾಮೊಟೊ ತಮ್ಮ ಪತಿ ಶೊಸುಕೆಯವರೊಂದಿಗೆ 1962ರಲ್ಲಿ ಇದನ್ನು ಪ್ರಕಟಿಸಿದರು. ಹೆರಿಗೆಯ ನಂತರದ ರಕ್ತಸ್ರಾವದಿಂದ ಸಾಯುವ ತಾಯಂದಿರನ್ನು ಉಳಿಸುವುದು ಅವರ ಉದ್ದೇಶವಾಗಿತ್ತು. ಮುಟ್ಟಿನ ಅತಿಸ್ರಾವಕ್ಕೆ ಔಷಧಿ ಅಂಗಡಿಯಲ್ಲಿ ಸಿಗುವ ಅದೇ ಅಗ್ಗದ ಔಷಧಿ ತಲೆಬುರುಡೆಯ ಶಸ್ತ್ರಚಿಕಿತ್ಸೆಯಲ್ಲಿಯೂ ರಕ್ತನಷ್ಟವನ್ನು ತಗ್ಗಿಸುತ್ತದೆಂದು 2011ರಲ್ಲಿ ಪ್ರಕಟವಾದ ಪ್ರಯೋಗಗಳು ತೋರಿಸಿದವು.

ರಕ್ತ ಹೊರಹೋಗುವ ದಾರಿಯಲ್ಲಿಯೇ ಗಾಳಿ ಒಳಬರಬಹುದು. ತಲೆಯು ಹೃದಯಕ್ಕಿಂತ ಮೇಲಿದ್ದಾಗ ಮೂಳೆಯೊಳಗಿನ ತೆರೆದ ಸಿರೆಗಳು ಗಾಳಿಯನ್ನು ಹೀರಿಕೊಳ್ಳುತ್ತವೆ. ಹಲವು ವರ್ಷಗಳ ಹಿಂದೆ, ಒಂಬತ್ತು ತಿಂಗಳ ಒಂದು ಮಗುವಿನ ಶಸ್ತ್ರಚಿಕಿತ್ಸೆಯಲ್ಲಿ, ಉಸಿರಿನಲ್ಲಿ ಹೊರಬರುವ ಇಂಗಾಲದ ಡೈಆಕ್ಸೈಡಿನ ಅಂಕಿ ಒಮ್ಮೆಗೇ ಅರ್ಧದಷ್ಟು ಕುಸಿಯಿತು. ಗಾಳಿ ಒಳಹೊಕ್ಕಿದ್ದರ ಸೂಚನೆ ಅದು. ಇಂಥ ಶಸ್ತ್ರಚಿಕಿತ್ಸೆಯಲ್ಲಿ ತಲೆಯ ಬಳಿ ನಮಗೆ ಜಾಗವಿರುವುದಿಲ್ಲ. ಕಾಲಿನ ಕಡೆ ಕುಳಿತು ಪರದೆಯ ಅಂಕಿಗಳನ್ನು ನಂಬಬೇಕಾಗುತ್ತದೆ. ನಾನು ಕೂಗಿ ಹೇಳಿದ ಕೂಡಲೇ ಶಸ್ತ್ರವೈದ್ಯರು ಕಾರಣ ಕೇಳದೆ, ಗಾಳಿಯ ದಾರಿ ಮುಚ್ಚಲು, ಗಾಯದ ತುಂಬ ಸಲೈನ್ ಸುರಿದರು, ಟೇಬಲ್ಲಿನ ತಲೆಭಾಗವನ್ನು ತಗ್ಗಿಸಿದೆವು, ಪೂರ್ಣ ಆಮ್ಲಜನಕ ಕೊಟ್ಟೆವು. ಮಗು ಉಳಿಯಿತು. ಕಾರಣ ಕೇಳದೆ ಸುರಿದರಲ್ಲ, ಅದನ್ನು ನಾನು ಈಗಲೂ ನೆನೆಯುತ್ತೇನೆ. ಕೇಳಿ ವಾದಿಸುವ ಶಸ್ತ್ರವೈದ್ಯರೊಂದಿಗೂ ನಾನು ಕೆಲಸ ಮಾಡಿದ್ದೇನೆ.

ಇನ್ನೊಂದು ಅಪಾಯ ಮೂಗಿನದು. ಮೂಗಿನ ಕುಹರದಲ್ಲಿ ಸದಾ ರೋಗಾಣುಗಳಿರುತ್ತವೆ, ಅದರ ನೇರ ಮೇಲಕ್ಕೆ ಮಿದುಳಿನ ಹೊದಿಕೆಯಾದ ಡ್ಯೂರಾ ಇದೆ. ಒಳಸರಿದ ಹಣೆ ಮತ್ತು ಮುಖವನ್ನು ಒಟ್ಟಿಗೆ ಮುಂದಕ್ಕೆ ತಂದಾಗ ಇವೆರಡರ ನಡುವಿನ ಗೋಡೆಯೇ ಕೆಲಕಾಲ ಇಲ್ಲವಾಗುತ್ತದೆ. ಈ ಶಾಸ್ತ್ರದ ಮೂಲಪುರುಷ ಪಾಲ್ ಟೆಸಿಯೆ ಅವರಿಗಿದ್ದ ದೊಡ್ಡ ಅಳುಕೂ ಇದೇ. ಪ್ಯಾರಿಸ್ಸಿನಲ್ಲಿ ಶವಚ್ಛೇದನಕ್ಕೆ ಅವಕಾಶ ಸಿಗದೆ ಅವರು ರೈಲಿನಲ್ಲಿ ನಾಂತ್‌ಗೆ ಹೋಗಿ ಅಭ್ಯಾಸ ಮಾಡಿ ಬರುತ್ತಿದ್ದರು. ನರಶಸ್ತ್ರವೈದ್ಯ ಜೆರಾರ್ ಗಿಯೊ ಅವರ ಜೊತೆಗೂಡಿ ತಲೆಬುರುಡೆಯ ಒಳಗಿನಿಂದ ಕಣ್ಣುಗೂಡುಗಳನ್ನು ಸರಿಸುವ ದಾರಿಯನ್ನು ಕಂಡುಕೊಂಡು, 1967ರಲ್ಲಿ ರೋಮಿನ ಸಮ್ಮೇಳನದಲ್ಲಿ ಅದನ್ನು ಮಂಡಿಸಿದರು. ಅದೇ ವರ್ಷ ಬೇರೆ ಬೇರೆ ವಿಭಾಗಗಳ ತಜ್ಞರನ್ನು ತಮ್ಮ ಫೋಶ್ ಆಸ್ಪತ್ರೆಗೆ ಕರೆಸಿ, ರೋಗಿಗಳನ್ನು ಕಣ್ಣಾರೆ ಪರೀಕ್ಷಿಸಿ ಅಭಿಪ್ರಾಯ ಹೇಳಿರೆಂದು ಕೇಳಿಕೊಂಡರು. 1979ರಲ್ಲಿ ಅಮೆರಿಕದ ಶಸ್ತ್ರವೈದ್ಯ ಲಿಂಟನ್ ವಿಟೇಕರ್ ಮತ್ತಿತರರು ಹಲವು ಕೇಂದ್ರಗಳ 793 ಶಸ್ತ್ರಚಿಕಿತ್ಸೆಗಳಲ್ಲಿ ಎದುರಾದ ತೊಡಕುಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ತಮ್ಮ ಕೈಯಲ್ಲಿ ಕೆಟ್ಟದ್ದನ್ನು ತಾವೇ ಅಚ್ಚು ಹಾಕಿಸಿದ ಆ ಬರಹವನ್ನು, ಗೆದ್ದ ಕೇಸುಗಳ ಚಿತ್ರಗಳಿಗಿಂತ ಮೇಲಿನದೆಂದು ನಾನು ಎಣಿಸುತ್ತೇನೆ. ನಮ್ಮ ಎಷ್ಟೋ ಆಸ್ಪತ್ರೆಗಳಲ್ಲಿ ಇಂಥ ಲೆಕ್ಕ ಮುಚ್ಚಿದ ಬಾಗಿಲಿನ ಸಭೆಯಾಚೆಗೆ ಬರುವುದೇ ಇಲ್ಲ.

ಮುಖವನ್ನು ಒಂದೇ ದಿನ ಮುಂದಕ್ಕೆಳೆಯದೆ, ಸ್ಕ್ರೂ ತಿರುಗಿಸುತ್ತ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಸರಿಸುವ ಕ್ರಮ ಬಂದ ಮೇಲೆ ಈ ಸೋಂಕಿನ ಅಪಾಯ ಇಳಿದಿದೆ, ಇಲ್ಲವಾಗಿಲ್ಲ. ಹಾಗಾಗಿ ಮನೆಗೆ ಕಳುಹಿಸುವಾಗ ನಾವು ಎರಡು ಮಾತು ಹೇಳುತ್ತೇವೆ: ಮೂಗಿನಿಂದ ನೀರಿನಂಥ ತಿಳಿ ದ್ರವ ತೊಟ್ಟಿಕ್ಕಿದರೆ ನೆಗಡಿಯೆಂದು ಸುಮ್ಮನಿರಬೇಡಿ, ಮಗುವಿನಿಂದ ಜೋರಾಗಿ ಊದಿಸಿ ಸಿಂಬಳ ತೆಗೆಸಬೇಡಿ. ಆ ತಿಳಿ ನೀರು ಮಿದುಳಿನ ಸುತ್ತಲಿನ ದ್ರವವಾಗಿರಬಹುದು, ಅದು ಹೊರಬರುವ ದಾರಿಯಲ್ಲಿಯೇ ಮೆದುಳುಜ್ವರ ಒಳಹೋಗಬಹುದು. ಒಬ್ಬ ತಾಯಿ ಹನ್ನೆರಡನೆಯ ದಿನ, ರಾತ್ರಿ ಬಸ್ಸಿನಲ್ಲಿ, ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದಿಳಿದರು. ದ್ರವವನ್ನು ಪ್ರಯೋಗಾಲಯಕ್ಕೆ ಕಳುಹಿಸಿ ನೋಡಿದರೆ ಅದು ಬರಿಯ ನೆಗಡಿಯೇ. ಸುಮ್ಮನೆ ತೊಂದರೆ ಕೊಟ್ಟೆನೆಂದು ಅವರು ಸಂಕೋಚಪಟ್ಟರು. ನಾವು ಮಾತ್ರ ಮಗುವನ್ನು ಇನ್ನೊಂದು ದಿನ ವಾರ್ಡಿನಲ್ಲಿ ಇರಿಸಿಕೊಂಡೇ ಕಳುಹಿಸಿದೆವು.