ಎಂಟುನೂರು ಕೋಲು

ಬಾಯಾರು, 2024 ಮಾರ್ಚ್ 17, ಭಾನುವಾರ

ಮಲೇಷ್ಯಾದ ಮುಲು ಗುಹೆಗಳನ್ನು ನೋಡಿ ಬಂದು ನಾಲ್ಕು ದಿನವಾಯಿತು. ಹೊರಡುವಾಗ, ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದ ನಮ್ಮ ಸುರಂಗದ ನೀರು ದಂಬೆಯಲ್ಲಿ, ಅಂದರೆ ಅಡಿಕೆ ಮರದ ಸೀಳಿನ ಕಾಲುವೆಯಲ್ಲಿ, ಹೆಬ್ಬೆರಳಿನ ಗಾತ್ರ ಬೀಳುತ್ತಿತ್ತು. ಈಗ ಕಿರುಬೆರಳಿನಷ್ಟು. ಏಪ್ರಿಲ್, ಮೇ ಪೂರ್ತಿ ಬಾಕಿ ಇದೆ.

ಸಂಜೆ ಅಜ್ಜ ಬಂದರು. ಅಪ್ಪನ ಕಾಲದಲ್ಲಿ ನಮ್ಮ ಸುರಂಗ ಕೊರೆದವರು. "ಮಾಟೆ ನೋಡಲು ವಿಮಾನದಲ್ಲಿ ಹೋಗಿದ್ದೀರಂತಲ್ಲ ಅಕ್ಕ?" ಎಂದು ತುಳುವಿನಲ್ಲಿ ಕೇಳಿದರು. ಮಾಟೆ ಎಂದರೆ ಗುಹೆ. ಮೊಬೈಲಿನಲ್ಲಿ ಡೀರ್ ಕೇವ್ ತೋರಿಸಿದೆ. ಮಿರಿ ಪಟ್ಟಣದಿಂದ ಪುಟ್ಟ ವಿಮಾನ, ಆಮೇಲೆ ಮಳೆಕಾಡಿನ ನಡುವೆ ಸುಮಾರು 3 ಕಿಲೋಮೀಟರ್ ಹಲಗೆಯ ದಾರಿ. ಅವರಿಗೆ ಅದೆಲ್ಲ ಬೇಕಿರಲಿಲ್ಲ.

"ಒಳಗೆ ದೀಪ ಆರುವುದಿಲ್ಲವೇ?"

ಇಲ್ಲ, ಆ ಕಡೆಯ ಬಾಯಿಯಿಂದ ಬೆಳಕೇ ಬರುತ್ತದೆ ಎಂದೆ. ನಂಬಲಿಲ್ಲ. ಸುರಂಗದೊಳಗೆ ಗಾಳಿ ಸಾಲದೆ ಮೇಣದ ಬತ್ತಿ ಮಂಕಾದರೆ ಪಿಕ್ಕಾಸು ಬಿಟ್ಟು ಹೊರಗೆ ಓಡಿ ಬಂದವರು ಅವರು.

"ನಮ್ಮದು ಎಷ್ಟು ಕೋಲು, ಅಜ್ಜಾ?"

"ಅರುವತ್ತೆರಡು. ಎರಡು ಬೇಸಿಗೆ ಹಿಡಿಯಿತು."

ಅಲ್ಲಿ ಸರವಾಕ್ ಚೇಂಬರ್ ಎಂಬ ಒಂದೇ ಕೋಣೆ 600 ಮೀಟರ್ ಉದ್ದ, ಕೋಲಿಗೆ ಮುಕ್ಕಾಲು ಮೀಟರಿನ ನಮ್ಮ ಲೆಕ್ಕದಲ್ಲಿ 800 ಕೋಲು. 1981ರಲ್ಲಿ ಅದರೊಳಗೆ ಮೊದಲು ಹೊಕ್ಕ ಇಂಗ್ಲಿಷರ ದೀಪಕ್ಕೆ ಎದುರಿನ ಗೋಡೆಯೇ ಸಿಗಲಿಲ್ಲವಂತೆ. ನಾವು ಅಲ್ಲಿಗೆ ಹೋಗಲಿಲ್ಲ, ಕಾಲಿಗೆ ಆಗದ ದಾರಿ. ಆದರೆ ಡೀರ್ ಕೇವ್‌ನ ಬಾಯಿಯಲ್ಲಿ ಕುಳಿತು ಸಂಜೆ ಬಾವಲಿಗಳು ಹೊರಬೀಳುವುದನ್ನು ನೋಡಿದೆ. ಲಕ್ಷ ಲಕ್ಷ. ಹೊಗೆಯ ಹಗ್ಗ ಆಕಾಶದಲ್ಲಿ ಹೊರಳಿದ ಹಾಗೆ. ನನಗೆ ಅಳು ಬಂತು, ಏಕೆಂದು ಈಗಲೂ ಗೊತ್ತಿಲ್ಲ.

"ಯಾರು ಕೊರೆದದ್ದು?"

"ನೀರು. ಮಳೆನೀರು ಸುಣ್ಣಕಲ್ಲನ್ನು ಕರಗಿಸುತ್ತಾ ಬಂದದ್ದು."

ಅಜ್ಜ ಅಂಗೈ ಬಿಡಿಸಿ ನೋಡಿಕೊಂಡರು. ಇಲ್ಲಿಯದು ಮುರಕಲ್ಲು. ಒಂದೊಂದು ಬುಟ್ಟಿ ಮಣ್ಣನ್ನೂ ಬಗ್ಗಿಕೊಂಡೇ ಹೊರಗೆ ತರಬೇಕು.

"ಅಷ್ಟು ನೀರು ಈಗಲೂ ಇದೆಯೇ?"

ಕ್ಲಿಯರ್‌ವಾಟರ್ ಗುಹೆಯೊಳಗೆ ನದಿಯೇ ಹರಿಯುತ್ತದೆ ಎಂದೆ. ಅವರು ದಂಬೆಯ ಕಡೆ ತಿರುಗಿದರು. ಹೇಳಬಾರದಿತ್ತು.

ಮೇಲಿನ ಗುಡ್ಡದಲ್ಲಿ ಹೊಸ ಕೊಳವೆಬಾವಿ ಬಿದ್ದಿದೆ. ಅದರಿಂದಲೋ, ಮಳೆ ಬೇಗ ನಿಂತದ್ದರಿಂದಲೋ. ಸಿಟ್ಟು ಮಾತ್ರ ಆ ಬಾವಿಯ ಮೇಲೆಯೇ ಬರುತ್ತದೆ.

ಎದ್ದು ಹೊರಡುವಾಗ ಅಜ್ಜ ಹೇಳಿದರು, "ಇನ್ನು ನಾಲ್ಕು ಕೋಲು ಮುಂದೆ ಹೋದರೆ ಸಿಗಬಹುದು. ನಾಳೆ ಬೆಳಿಗ್ಗೆ ಬರುತ್ತೇನೆ." ಎಪ್ಪತ್ತು ದಾಟಿದ ಪ್ರಾಯ. ಬೇಡ ಎಂದೆ, ಆದರೆ ಗಟ್ಟಿಯಾಗಿ ಹೇಳಲಿಲ್ಲ. ನೀರು ಬೇಕಲ್ಲ. ಮನೆಯಲ್ಲಿ ಮೇಣದ ಬತ್ತಿ ಇದೆಯೇ ನೋಡಬೇಕು, ಅವರನ್ನು ಒಬ್ಬರನ್ನೇ ಒಳಗೆ ಬಿಡಲಾರೆ.